ಅಕ್ಕನೊಡನೆ ಒಂಬತ್ತು ದಿನದ ಪಂಥ

ಮಾರ್ಚ್ 3, ಸೋಮವಾರ

ಅಕ್ಕನಿಗೆ ಇವತ್ತು ಮೂರು ಸುಳ್ಳು ಹೇಳಿದೆ. ಮೂರೂ ಚೆನ್ನಾಗಿಯೇ ಬಂದವು. ನದಿಯ ಹಳೇ ಸೇತುವೆ ನೋಡಿದೆ, ಗಡಿಯಾರದ ಗೋಪುರ ಹತ್ತಿದೆ, ಕಾಲು ಒಂದಿಷ್ಟೂ ನೋಯುತ್ತಿಲ್ಲ ಎಂದೆ. ಸೇತುವೆ, ಗೋಪುರ ಎರಡೂ ಲಾಡ್ಜಿನ ಮೇಜಿನ ಮೇಲಿದ್ದ ಮಡಿಚಿದ ಕಾಗದದಲ್ಲಿ ಬಣ್ಣಬಣ್ಣವಾಗಿ ಅಚ್ಚಾಗಿವೆ. ಮೂರನೆಯದನ್ನು ಸುಳ್ಳು ಎನ್ನಲೂ ಬಾರದು. ಬೆಳಗಿನಿಂದ ಕೋಣೆಯಲ್ಲೇ ಕೂತವಳಿಗೆ ಕಾಲು ಯಾಕೆ ನೋಯುತ್ತದೆ?

ಪಂಥದ ಕರಾರನ್ನು ಇಲ್ಲಿ ಬರೆದಿಡುವುದು ಒಳ್ಳೆಯದು. ಮಾತು ತಿರುಗಿಸುವುದರಲ್ಲಿ ಅಕ್ಕ ಪಳಗಿದವಳು, ನಾನೂ ಕಡಿಮೆಯೇನಲ್ಲ. ಹೋದ ತಿಂಗಳು ಬಟ್ಟೆಯ ಸಗಟು ಪೇಟೆಗೆ ಹೋಗಿ ದಾರಿ ತಪ್ಪಿ, ಸಂಜೆಯವರೆಗೆ ಪೊಲೀಸ್ ಠಾಣೆಯ ಬೆಂಚಿನ ಮೇಲೆ ಕೂತಿದ್ದೆ. ತಮ್ಮ ಬಂದು ಕರೆದುಕೊಂಡು ಹೋದ. ಅಂದೇ ಮನೆಯಲ್ಲಿ ಪಂಚಾಯಿತಿ. ಇವಳ ಕೈಲಿ ಒಬ್ಬಳೇ ಇರುವುದು ಆಗದು, ಹೊಲಿಗೆ ಅಂಗಡಿಗೆ ಬೀಗ ಹಾಕಿ ಅಕ್ಕನ ಮನೆಯ ಹಿಂದಿನ ಕೋಣೆಯಲ್ಲಿರಲಿ ಎಂದು ತೀರ್ಮಾನವೂ ಆಯಿತು. ಇಪ್ಪತ್ತೆಂಟು ವರ್ಷದ ಅಂಗಡಿ. ಊರಿನ ಅರ್ಧ ಶಾಲೆಮಕ್ಕಳ ಯೂನಿಫಾರ್ಮು ನನ್ನ ಕತ್ತರಿಯಿಂದ ಬಂದದ್ದು. ನನಗೆ ಪಿತ್ತ ನೆತ್ತಿಗೇರಿತು. ಕಂಡು ಕೇಳರಿಯದ ಊರಿನಲ್ಲಿ ಒಂಬತ್ತು ದಿನ ಒಬ್ಬಳೇ ಇದ್ದು ಬರುತ್ತೇನೆ, ಬಂದಮೇಲೆ ಅಂಗಡಿಯ ಸುದ್ದಿ ಯಾರೂ ಎತ್ತಕೂಡದು ಎಂದುಬಿಟ್ಟೆ.

ನನ್ನ ಬಾಯಿ ಮುಚ್ಚುವ ಮೊದಲೇ ಅಕ್ಕ ಕರಾರು ಸೇರಿಸಿದಳು. ಊರು ಅವಳು ಆರಿಸುವುದು. ಊರೊಳಗೆ ಗಾಡಿ ಹತ್ತಕೂಡದು, ಎಲ್ಲಿಗೆ ಹೋದರೂ ಕಾಲ್ನಡಿಗೆ. ದಿನಾ ಸಂಜೆ ಆರಕ್ಕೆ ಅವಳು ಫೋನ್ ಮಾಡುತ್ತಾಳೆ, ನೋಡಿದ್ದನ್ನೆಲ್ಲ ಹೇಳಬೇಕು. ನಾನಾಗಿ ಒಂದೇ ಒಂದು ಸಲ ‘ಬಂದು ಕರ್ಕೊಂಡು ಹೋಗಿ’ ಅಂದರೆ ಅಂಗಡಿಗೆ ಬೀಗ.

ನಮ್ಮೆಜಮಾನರು ಹೋಗಿ ಎರಡು ವರ್ಷ. ಅವರಿದ್ದಾಗ ಸುಮಾರು ಊರು ಸುತ್ತಿದ್ದೇವೆ. ಅವರು ನಕ್ಷೆ ಹಿಡಿದು ಮುಂದೆ, ನಾನು ಚೀಲ ಹಿಡಿದು ಹಿಂದೆ. ಆ ಊರುಗಳಲ್ಲಿ ನನಗೆ ನೆನಪಿರುವುದು ಅವರ ಶರ್ಟಿನ ಬೆನ್ನು ಮಾತ್ರ. ನಾನೇ ಹೊಲಿದ ಶರ್ಟುಗಳು, ಒಂದು ಹೊಲಿಗೆಯೂ ಓರೆಯಿರಲಿಲ್ಲ.

ಸ್ಟೇಷನ್ನಿನಿಂದ ಇಲ್ಲಿಗೆ ಕೂಲಿಯವನ ಹಿಂದೆ ಬಂದೆ. ಕೂಲಿಯವನು ಗಾಡಿಯಲ್ಲ.

ಮಾರ್ಚ್ 4, ಮಂಗಳವಾರ

ಬೆಳಗ್ಗೆ ಹುಚ್ಚು ಧೈರ್ಯ ಮಾಡಿ ಹೊರಟೆ. ದಾರಿ ಕೇಳಿದರೆ ಜನ ಹೇಳುತ್ತಾರೆ, ಇಲ್ಲವೆನ್ನುವುದಿಲ್ಲ. ಎರಡನೇ ಬಲಕ್ಕೆ ತಿರುಗಿ, ಆಮೇಲೆ ಎಡಕ್ಕೆ, ಆಮೇಲೆ ನೇರ. ಮೊದಲ ತಿರುವು ಬರುವಷ್ಟರಲ್ಲಿ ನನ್ನ ತಲೆಯಲ್ಲಿ ‘ಆಮೇಲೆ’ ಮಾತ್ರ ಉಳಿದಿರುತ್ತದೆ. ಹಾಗಾಗಿ ನನಗೆ ಗೊತ್ತಿರುವ ವಿದ್ಯೆಯಲ್ಲೇ ಗುರುತು ಇಟ್ಟುಕೊಂಡೆ. ಇಲ್ಲಿ ಮನೆಗಳೆಲ್ಲ ಮೂರು ನಾಲ್ಕು ಮಹಡಿಯವು, ಮಹಡಿಗೊಂದು ಹಗ್ಗ, ಹಗ್ಗದ ತುಂಬ ಒಗೆದ ಬಟ್ಟೆ. ಲಾಡ್ಜಿನ ಎದುರು ಮನೆಯಲ್ಲಿ ಹಸಿರು ಚೌಕಳಿಯ ಶರ್ಟು. ಜೇಬಿನ ಗೆರೆ ಮೈಯ ಗೆರೆಗೆ ಕೂಡಿಲ್ಲ, ಅರ್ಧ ಬೆರಳು ಜಾರಿದೆ. ಅಲ್ಲಿ ಬಲಕ್ಕೆ. ಒಂದು ತೋಳು ಗಿಡ್ಡ, ಒಂದು ತೋಳು ಉದ್ದದ ಹಳದಿ ಅಂಗಿ. ಅಲ್ಲಿ ಎಡಕ್ಕೆ. ಅಂಚು ಬಿಚ್ಚಿಹೋದ ದಿಂಬಿನ ಚೀಲ ನಾಲ್ಕು. ಅಲ್ಲಿಂದ ನೇರ. ನನ್ನ ಬೆನ್ನು ನಾನೇ ತಟ್ಟಿಕೊಂಡು ಗಡಿಯಾರದ ಗೋಪುರದವರೆಗೂ ಹೋದೆ. ಹತ್ತಲಿಲ್ಲ, ನಿನ್ನೆಯೇ ಹತ್ತಿದ್ದೇನಲ್ಲ.

ನಾಲ್ಕು ಗಂಟೆಗೆ ತಿರುಗಿ ಹೊರಟರೆ ಊರಿಗೆ ಊರೇ ಬಟ್ಟೆ ಒಳಗೆ ತೆಗೆದುಕೊಂಡು ಕೂತಿತ್ತು. ಬಿಸಿಲು ಇಳಿಯುವ ಮುಂಚೆ ಹಗ್ಗ ಖಾಲಿ ಮಾಡಬೇಕೆಂದು ಹುಟ್ಟಿದಾಗಿನಿಂದ ಗೊತ್ತಿರುವ ನನಗೆ ಅದು ಹೊಳೆಯಲೇ ಇಲ್ಲ. ಎಲ್ಲ ಮಹಡಿಯೂ ಒಂದೇ, ಎಲ್ಲ ಹಗ್ಗವೂ ಒಂದೇ. ಲಾಡ್ಜಿನ ಹೆಸರಾದರೂ ಹೇಳಿ ಕೇಳೋಣವೆಂದರೆ ಅದೂ ಗೊತ್ತಿಲ್ಲ, ಬೋರ್ಡನ್ನು ಬಣ್ಣ ಹೊಡೆಯಲು ಇಳಿಸಿದ್ದಾರೆ. ಕೈಯಲ್ಲಿದ್ದದ್ದು ಹದಿನಾಲ್ಕು ಎಂದು ಕೊರೆದ ಮರದ ತುಂಡು ಕಟ್ಟಿದ ಕೀಲಿಕೈ. ಅದನ್ನು ಇಬ್ಬರಿಗೆ ತೋರಿಸಿದೆ. ಒಬ್ಬರು ಹದಿನಾಲ್ಕನೇ ಮನೆ ತೋರಿಸಿದರು, ಇನ್ನೊಬ್ಬರು ಹದಿನಾಲ್ಕನೇ ಬಸ್ಸು ತೋರಿಸಿದರು. ಚೀಲದಲ್ಲಿದ್ದ ಫೋನನ್ನು ಎರಡು ಸಲ ಹೊರಗೆ ತೆಗೆದು ಎರಡು ಸಲ ಒಳಗೆ ಹಾಕಿದೆ.

ಆಗ ಬಂತು ನೋಡಿ ನನ್ನ ಹಸಿರು ಚೌಕಳಿ. ಒಣಗಿದ ಶರ್ಟನ್ನು ಅದರ ಯಜಮಾನ ಹಾಕಿಕೊಂಡು, ಕೈಯಲ್ಲಿ ಬ್ರೆಡ್ಡಿನ ಪೊಟ್ಟಣ ಹಿಡಿದು ರಸ್ತೆ ದಾಟುತ್ತಿದ್ದ. ಆ ಜೇಬು ಎಲ್ಲಿದ್ದರೂ ನನ್ನ ಕಣ್ಣು ತಪ್ಪಿಸಿಕೊಳ್ಳಲಾರದು. ಹಿಂದೆ ಬಿದ್ದೆ. ಅವನು ಒಮ್ಮೆ ತಿರುಗಿ ನೋಡಿದ. ಮತ್ತೊಮ್ಮೆ ನೋಡಿದ. ಮೂರನೇ ಸಲ ನೋಡಿ ಹೆಜ್ಜೆ ಜೋರು ಮಾಡಿದ. ನಾನೂ ಜೋರು ಮಾಡಿದೆ. ಕೊನೆಯ ಬೀದಿಯಲ್ಲಿ ನಾವಿಬ್ಬರೂ ಓಡುತ್ತಿದ್ದೆವು ಎಂದರೂ ತಪ್ಪಿಲ್ಲ. ತನ್ನ ಮನೆ ಬಾಗಿಲಿಗೆ ಬೆನ್ನು ಕೊಟ್ಟು ನಿಂತು, ಏದುಸಿರು ಬಿಡುತ್ತ, “ಯಾರಮ್ಮ ನೀವು? ಏನ್ ಬೇಕು ನಿಮಗೆ?” ಎಂದ.

ಎದುರಿಗೆ ಲಾಡ್ಜು ಕಂಡಿತು. ನನಗೆ ಹೋದ ಜೀವ ಬಂತು.

“ನಿಮ್ಮ ಜೇಬಿನ ಚೌಕಳಿ ಕೂಡಿಲ್ಲ. ಹೊಲಿದವರಿಗೆ ಹೇಳಿ,” ಎಂದು ಹೇಳಿ ಒಳಗೆ ಬಂದೆ.

ಆರಕ್ಕೆ ಅಕ್ಕನ ಫೋನು. ಗೋಪುರ ನೋಡಿದೆ ಎಂದೆ. ನಿನ್ನೆಯೇ ನೋಡಿದೆಯಲ್ಲ ಎಂದಳು. ನಿನ್ನೆ ಮೇಲಿನಿಂದ ನೋಡಿದ್ದು, ಇವತ್ತು ಕೆಳಗಿನಿಂದ ಎಂದೆ.

ಮಾರ್ಚ್ 5, ಬುಧವಾರ

ಹೊಸ ಉಪಾಯ. ಚೀಲದ ತಳದಲ್ಲಿ ದರ್ಜಿ ಸೀಮೆಸುಣ್ಣದ ಬಿಲ್ಲೆ ಇತ್ತು. ತಿರುವು ಬಂದಲ್ಲೆಲ್ಲ ಬಾಗಿಲ ಚೌಕಟ್ಟಿಗೋ ಗೋಡೆಗೋ ಸಣ್ಣದಾಗಿ ಒಂದು ಅಡ್ಡಗೆರೆ, ಅದರ ಮೇಲೊಂದು ಉದ್ದಗೆರೆ. ಯಾರೂ ನೋಡದಿದ್ದಾಗ, ಶೂ ಲೇಸು ಕಟ್ಟುವವಳ ಹಾಗೆ ಬಗ್ಗಿ. ನಾನು ಹಾಕಿರುವುದು ಚಪ್ಪಲಿ, ಅದು ಬೇರೆ ಮಾತು.

ಹೋದೆ, ಸೇತುವೆ ನೋಡಿದೆ, ಬಂದೆ. ಬೀಗಿದೆ. ಅಕ್ಕನಿಗೆ ಒಂದೇ ಸುಳ್ಳು.

ಮಾರ್ಚ್ 6, ಗುರುವಾರ

ಸ್ಟೇಷನ್ನಿನ ಕಡೆ ಹೋಗಿ ಮೂರು ಸಲ ತಪ್ಪಿದೆ. ಅಗಲ ರಸ್ತೆ ನಂಬಿ ಹೋಗಿ ಮೀನು ಮಾರುಕಟ್ಟೆಯ ಹಿಂಬದಿಗೆ ಬಂದೆ. ಇನ್ನೊಂದು ಸಲ ಮೆಟ್ಟಿಲ ಬೀದಿ, ಮತ್ತೊಂದು ಸಲ ಐಸ್ ಕಾರ್ಖಾನೆಯ ಕುರುಡು ಗೋಡೆ. ಸುಣ್ಣದ ಗೆರೆ ಹಿಡಿದು ವಾಪಸು ಬಂದದ್ದರಿಂದ ಮಾನ ಉಳಿಯಿತು.

ಅಕ್ಕ ಅರ್ಧ ಗಂಟೆ ಫೋನ್ ಇಡಲಿಲ್ಲ. ಏನು ತಿಂದೆ, ಹಾಸಿಗೆ ಹೇಗಿದೆ, ಕಿಟಕಿಯಿಂದ ಏನು ಕಾಣುತ್ತದೆ, ಎದುರು ಮನೆಯಲ್ಲಿ ಎಷ್ಟು ಜನ. ನಾನು ಎಲ್ಲಿಯಾದರೂ ಸಿಕ್ಕಿಬೀಳುತ್ತೇನೆಂದು ಕೆದಕುತ್ತಿದ್ದಾಳೆ. ನಾನೇನೂ ಸಿಕ್ಕಲಿಲ್ಲ.

ಮಾರ್ಚ್ 7, ಶುಕ್ರವಾರ

ಮಾಡಿದ್ದುಣ್ಣೋ ಮಹಾರಾಯ. ಈ ಗಾದೆ ಕಟ್ಟಿದವರು ನನ್ನನ್ನು ನೋಡಿಯೇ ಕಟ್ಟಿರಬೇಕು.

ಮಧ್ಯಾಹ್ನ ಮೂರಕ್ಕೆ ಲಾಡ್ಜಿನ ಕಡೆ ತಿರುಗಿದೆ. ನನ್ನ ಗೆರೆ ಕಂಡ ಬಾಗಿಲಲ್ಲಿ ಬಲಕ್ಕೆ ಹೊರಳಿದೆ. ಪಕ್ಕದ ಬಾಗಿಲಲ್ಲೂ ಗೆರೆ. ಅದರ ಪಕ್ಕದಲ್ಲೂ. ಎದುರು ಸಾಲಿನಲ್ಲೂ. ಬೀದಿಯ ಎಲ್ಲ ಬಾಗಿಲು, ಕಿಟಕಿ, ನೀರಿನ ತೊಟ್ಟಿ, ಒಂದು ಸೈಕಲ್ಲಿನ ಸೀಟಿನ ಮೇಲೂ ನನ್ನ ಗುರುತು. ಗೆರೆ ಹೇಳಿದ ಹಾಗೆ ತಿರುಗುತ್ತ ತಿರುಗುತ್ತ ಒಂದೇ ಹೊಲಿಗೆ ಅಂಗಡಿಯ ಮುಂದೆ ನಾಲ್ಕು ಸಲ ಹಾದೆ. ನಾಲ್ಕನೇ ಸಲ ಒಳಗಿದ್ದ ಕನ್ನಡಕದ ದರ್ಜಿ ಮೆಷಿನ್ನು ನಿಲ್ಲಿಸಿ ಹೊರಗೆ ಬಂದ. ನನಗಿಂತ ಹತ್ತು ವರ್ಷ ದೊಡ್ಡವನಿದ್ದಾನು. ನೀವೂ ಈ ಗುರುತು ನೋಡ್ತಿದ್ದೀರಾ ಎಂದು ಕೇಳಿ, ನಾನು ಹೂಂ ಎನ್ನುವ ಮೊದಲೇ ಬೀದಿಯ ಪುರಾಣ ಬಿಚ್ಚಿದ.

ಬುಧವಾರ ಇವನ ಬಾಗಿಲಿಗೆ ಯಾರೋ ಗುರುತು ಹಾಕಿದರಂತೆ. ಮುಟ್ಟಿ ನೋಡಿದರೆ ದರ್ಜಿ ಸೀಮೆಸುಣ್ಣ. ಬೀದಿಯಲ್ಲಿ ಇವನನ್ನು ಬಿಟ್ಟರೆ ಇರುವ ದರ್ಜಿ ಎದುರು ಸಾಲಿನ ಗಡ್ಡದವನು ಒಬ್ಬನೇ. ಇಬ್ಬರಿಗೂ ಮೊದಲೇ ಎಣ್ಣೆ ಸೀಗೆಕಾಯಿ. ಇವನು ಹೋಗಿ ಗಡ್ಡದವನ ಬಾಗಿಲಿಗೆ ಎರಡು ಹಾಕಿದ. ಗಡ್ಡದವನು ಬಂದು ನಾಲ್ಕು ಹಾಕಿದ. ಅಷ್ಟರಲ್ಲಿ ಇಸ್ತ್ರಿ ಅಂಗಡಿಯವನು, ಇವು ಕೆಡವಬೇಕಾದ ಮನೆಗಳ ಗುರುತು ಎಂದು ಸುದ್ದಿ ಹಬ್ಬಿಸಿದ. ಜನ ಹೆದರಿ ತಮ್ಮ ಬಾಗಿಲಿನದು ಒರೆಸಿ ಪಕ್ಕದವರ ಬಾಗಿಲಿಗೆ ಹಾಕತೊಡಗಿದರು. ಪಕ್ಕದವರೂ ಸುಮ್ಮನಿರುವ ಜನವಲ್ಲ.

“ಶುರು ಮಾಡಿದ ಕೈ ಒಂದ್ಸಲ ಸಿಗ್ಲಿ, ಸಾಕು,” ಎಂದ ದರ್ಜಿ.

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಳ್ಳುವವರ ಜಾತಿ ನನ್ನದು. ನನ್ನ ಬಲಗೈ ತಾನಾಗಿ ಬೆನ್ನ ಹಿಂದೆ ಹೋಯಿತು. ಕನ್ನಡಕದವನು ಅಳತೆ ತೆಗೆಯುವವನ ಹಾಗೆ ನನ್ನನ್ನು ಸುತ್ತು ಹಾಕಿ ಹಿಂದಿನಿಂದ ಬೆರಳು ನೋಡಿದ. ಸುಣ್ಣ ಮೂರು ಬೆರಳಿಗೂ ಮೆತ್ತಿತ್ತು. ಬೇರೆ ದಾರಿಯಿಲ್ಲದೆ ಎಲ್ಲ ಹೇಳಿದೆ. ಅಕ್ಕ, ಪಂಥ, ಅಂಗಡಿ, ಒಣಹಾಕಿದ ಬಟ್ಟೆ, ಚೌಕಳಿ ಶರ್ಟು, ಒಂದೂ ಬಿಡಲಿಲ್ಲ. ಅವನು ನಗಲಿಲ್ಲ. ಬೀದಿಗೆ ಅಡ್ಡಲಾಗಿ ನೋಡಿ ಗಡ್ಡದವನನ್ನು ಕೂಗಿದ. ಅವರಿಬ್ಬರೂ ಮಾತಾಡಿ ಆರು ವರ್ಷವಾಗಿತ್ತೆಂದು ಆಮೇಲೆ ತಿಳಿಯಿತು. ನನ್ನ ವಿಷಯದಲ್ಲಿ ಇಬ್ಬರೂ ಎರಡು ನಿಮಿಷದಲ್ಲಿ ಒಂದಾದರು.

“ಗೀಚಿದ ಕೈಯೇ ಒರೆಸ್ಲಿ,” ಎಂದು ತೀರ್ಪು ಕೊಟ್ಟು, ಒಂದು ಬಕೆಟ್ಟು ನೀರು, ಒಂದು ಹಳೇ ಕೋಟಿನ ತುಂಡು ತಂದಿಟ್ಟರು.

ಐದು ಬೀದಿ, ಅರವತ್ತಮೂರು ಬಾಗಿಲು. ಪ್ರತಿ ಬಾಗಿಲಲ್ಲೂ ಯಾರೋ ಹೊರಬಂದು ಏನಮ್ಮ ಇದು ಎನ್ನುವುದು, ನಾನು ಸ್ವಚ್ಛತೆ ಎನ್ನುವುದು. ಮೊಟ್ಟೆ ಮಾರುವ ಹೆಂಗಸು ಮೂರು ಸಲ ನೀರು ಬದಲಿಸಿ ಕೊಟ್ಟಳು. ಚಪ್ಪಲಿ ಹೊಲಿಯುವವನು, ಒರೆಸುವುದು ಮುಗಿದ ಮೇಲೆ ಮೂಲೆಯಲ್ಲಿ ಇನ್ನೊಂದಿದೆ ಎಂದು ತೋರಿಸಿ ಖುಷಿಪಟ್ಟ. ಹಸಿರು ಚೌಕಳಿಯವನು ತನ್ನ ಬಾಗಿಲಲ್ಲಿ ನನ್ನನ್ನು ಕಂಡು ಒಳಗಿನಿಂದ ಚಿಲಕ ಹಾಕಿಕೊಂಡ.

ಬಕೆಟ್ಟು ವಾಪಸು ಕೊಟ್ಟು ಲಾಡ್ಜಿಗೆ ಬಂದೆ. ಯಾವ ಬೀದಿಯಿಂದ ಬಂದೆನೋ ಗಮನವಿಲ್ಲ. ತೋಳು ಬಿದ್ದುಹೋಗುತ್ತಿದೆ. ಇನ್ನು ನಾಲ್ಕು ದಿನ ಹೇಗೆ ಕಳೆಯುವುದೋ.

ಮಾರ್ಚ್ 8, ಶನಿವಾರ

ಸೀಮೆಸುಣ್ಣವನ್ನು ದರ್ಜಿ ಕಿತ್ತುಕೊಂಡಿದ್ದಾನೆ. ಬರಿಗೈಯಲ್ಲಿ ಹೊರಟೆ. ಕನ್ನಡಕದವನ ಅಂಗಡಿಯಲ್ಲಿ ಚಹಾ ಕೊಟ್ಟರು. ಗುಂಡಿಯ ಕಾಜಾ ಹೊಲಿಯುವ ವಿಷಯದಲ್ಲಿ ಅವನಿಗೂ ನನಗೂ ಒಂದು ಗಂಟೆ ಜಗಳವಾಯಿತು, ಗಡ್ಡದವನು ನನ್ನ ಪಕ್ಷ. ಅಲ್ಲಿಂದ ನದಿ ದಾಟಿ, ಪುಸ್ತಕಕ್ಕೆ ಬೈಂಡ್ ಹಾಕುವವರ ಓಣಿ ಹೊಕ್ಕು, ಆಚೆ ಗುಡ್ಡದ ಮೇಲಿನ ನೀರಿನ ಟ್ಯಾಂಕಿನವರೆಗೆ ಹೋಗಿ, ಬೇರೆ ದಾರಿಯಲ್ಲಿ ಬಂದೆ. ಬಂದ ದಾರಿಯಲ್ಲೇ ಬರುವುದು ಬೇಜಾರು. ನಡುವೆ ಇಬ್ಬರು ನನ್ನನ್ನು ಸ್ಟೇಷನ್ನಿಗೆ ದಾರಿ ಕೇಳಿದರು. ನಾನು ಯಾವ ಕಡೆಯಿಂದ ಈ ಊರಿನವಳಂತೆ ಕಂಡೆನೋ. ಅಗಲ ರಸ್ತೆ ನಂಬಬೇಡಿ ಎಂದು ಹೇಳಿ ಕಳಿಸಿದೆ.

ಇವತ್ತು ಅಕ್ಕನಿಗೆ ಪೂರ್ತಿ ನಿಜ ಹೇಳಿದೆ. ಸುಣ್ಣ, ಬಕೆಟ್ಟು, ಅರವತ್ತಮೂರು ಬಾಗಿಲು. ಅವಳು ಒಂದನ್ನೂ ನಂಬಲಿಲ್ಲ. ಗೋಪುರ ಹತ್ತಿದ್ದನ್ನು ನಂಬಿದವಳು ಇದನ್ನು ನಂಬಲಿಲ್ಲ. ನಿನಗೆ ತಲೆ ಕೆಟ್ಟಿದೆ, ನಾಳೆ ಮಧ್ಯಾಹ್ನದ ಗಾಡಿಗೆ ಬರುತ್ತೇನೆ ಎಂದಳು. ನಾನು ಕರೆದಿಲ್ಲ, ಇದನ್ನು ಲೆಕ್ಕಕ್ಕೆ ಹಿಡಿಯಬಾರದು ಎಂದು ಕೂಗಿದೆ. “ನೋಡೋಕೆ ಬರ್ತಿದೀನಿ ಅಷ್ಟೆ. ನಾನೂ ನಡ್ಕೊಂಡೇ ಬರ್ತೀನಿ, ಆಯ್ತಾ?” ಎಂದು ಫೋನಿಟ್ಟಳು.

ನೋಡಿ, ಒಂದು ಕೊಂಕು ಹುಡುಕಿ, ಅಂಗಡಿಗೆ ಬೀಗ ಜಡಿಯಲು ಬರುತ್ತಿದ್ದಾಳೆ. ಇಷ್ಟೆಲ್ಲ ಮಾಡಿ ಈಗ ಸೋಲುವುದೆಂದರೆ ನನಗೆ ಅಳು ಬರುತ್ತದೆ.

ಮಾರ್ಚ್ 9, ಭಾನುವಾರ

ಗಾಡಿ ಹನ್ನೆರಡೂವರೆಗೆ ಬರುವುದು. ಸ್ಟೇಷನ್ನಿನಿಂದ ಇಲ್ಲಿಗೆ ಹೆಚ್ಚೆಂದರೆ ಇಪ್ಪತ್ತು ನಿಮಿಷ. ಒಂದಾಯಿತು, ಒಂದೂವರೆ ಆಯಿತು, ಎರಡಾಯಿತು. ಕರೆತರಲು ಹೋಗಿದ್ದರೆ, ಒಬ್ಬಳೇ ಇರಲಾರದೆ ಓಡಿಬಂದಳು ಎನ್ನುತ್ತಾಳೆಂದು ಕೋಣೆಯಲ್ಲೇ ಕೂತಿದ್ದೆ. ಫೋನ್ ಮಾಡಿದರೆ ಗಂಟೆ ಹೊಡೆಯುತ್ತದೆ, ಎತ್ತುವುದಿಲ್ಲ. ಎರಡೂಕಾಲಿಗೆ ಹಟ ಬಿಟ್ಟು ಚಪ್ಪಲಿ ಮೆಟ್ಟಿದೆ.

ಅಕ್ಕ ಯಾವತ್ತೂ ಯಾರನ್ನೂ ದಾರಿ ಕೇಳುವವಳಲ್ಲ. ಅಗಲ ರಸ್ತೆ ಕಂಡರೆ ಇದೇ ಎಂದು ನಡೆಯುವವಳು. ಹಾಗಾಗಿ ಸರಿಯಾದ ದಾರಿಯಲ್ಲಿ ಹುಡುಕಲೇ ಇಲ್ಲ. ಗುರುವಾರ ನಾನು ತಪ್ಪಿದ ಜಾಗಗಳನ್ನು ಒಂದೊಂದಾಗಿ ನೋಡಿದೆ. ಮೀನು ಮಾರುಕಟ್ಟೆಯ ಹಿಂಬದಿಯಲ್ಲಿ ಇಲ್ಲ. ಮೆಟ್ಟಿಲ ಬೀದಿಯಲ್ಲಿ ಇಲ್ಲ. ಐಸ್ ಕಾರ್ಖಾನೆಯ ಗೋಡೆ ಮುಗಿಯುವ ಕಡೆ, ರಸ್ತೆ ಇಲ್ಲವೆಂದು ಇನ್ನೂ ಒಪ್ಪಿಕೊಳ್ಳದ ಹಾಗೆ ಗೋಡೆಯ ಕಡೆಗೇ ಮುಖ ಮಾಡಿ, ಸೂಟ್‌ಕೇಸಿನ ಮೇಲೆ ಕೂತಿದ್ದಳು. ತೊಡೆಯ ಮೇಲೆ ಫೋನು. ಕಣ್ಣು ಕೆಂಪಗಾಗಿತ್ತು.

ಆಡಿಕೊಳ್ಳಲು ದಾರಿಯುದ್ದಕ್ಕೂ ನಾಲ್ಕು ಮಾತು ಹೊಂದಿಸಿಕೊಂಡು ಹೋಗಿದ್ದೆ. ಅವಳ ಮುಖ ನೋಡಿ ಒಂದೂ ಬಾಯಿಗೆ ಬರಲಿಲ್ಲ. ಫೋನ್ ಯಾಕೆ ಎತ್ತಲಿಲ್ಲ ಎಂದು ಮಾತ್ರ ಕೇಳಿದೆ.

“ಎತ್ತಿದ್ರೆ ಬಂದು ಕರ್ಕೊಂಡು ಹೋಗು ಅಂದುಬಿಡ್ತಿದ್ದೆ,” ಎಂದಳು.

ಪಕ್ಕದಲ್ಲಿ ಕೂತೆ. ಸೂಟ್‌ಕೇಸು ಇಬ್ಬರಿಗೆ ಸಾಲದು, ಆದರೂ ಕೂತೆ. ಅವಳು ಗೋಡೆ ನೋಡುತ್ತಲೇ ಹೇಳಿದಳು: “ನಿನ್ನ ಕೈಲಿ ಒಬ್ಬಳೇ ಇರೋಕಾಗಲ್ಲ ಅಂತ ತಮ್ಮನ ತಲೆಗೆ ತುಂಬಿದ್ದು ನಾನೇ. ಆಗದೇ ಇರೋದು ನಂಗೆ ಕಣೇ. ನಿಮ್ಮ ಭಾವ ಹೋದಮೇಲೆ ಆ ಮನೇಲಿ ಬೆಳಗಿಂದ ಸಂಜೆವರೆಗೂ ನನ್ನ ಬಾಯಿಂದ ಒಂದು ಮಾತು ಹೊರಡಲ್ಲ. ಈ ವಾರ ಆರು ಗಂಟೆ ಯಾವಾಗ ಆಗುತ್ತೆ ಅಂತ ಕಾಯ್ತಾ ಕೂತಿರ್ತಿದ್ದೆ.”

ನನಗೆ ಮೊದಲು ಬಂದದ್ದು ಸಿಟ್ಟು. ಬಂದದ್ದನ್ನು ಬಂದ ಹಾಗೆ ಬರೆಯುತ್ತೇನೆ. “ಹಾಗಂತ ಹೇಳೋಕೇನಾಗಿತ್ತು ನಿಂಗೆ? ಅದಕ್ಕೆ ನನ್ನ ಅಂಗಡಿ ಮುಚ್ಚಿಸ್ಬೇಕಿತ್ತಾ?”

“ಹೇಳಿದ್ರೆ ನೀನು ನಗ್ತಿದ್ದೆ.”

ನಗುತ್ತಿದ್ದೆ. ಅದು ನಿಜ. ಸೂಟ್‌ಕೇಸು ಎತ್ತಿಕೊಂಡು ನಡೆದೆ, ಅವಳು ನನ್ನ ಚೀಲದ ಪಟ್ಟಿ ಹಿಡಿದುಕೊಂಡು ಬಂದಳು. ಸೇತುವೆಯ ಹತ್ತಿರ, ಅಂಗಡಿ ವಿಷಯ ಇನ್ನು ಮುಗಿಯಿತು, ತಮ್ಮನಿಗೂ ತಾನೇ ಹೇಳುತ್ತೇನೆ ಎಂದಳು. ನನಗೆ ಕುಣಿಯಬೇಕೆನ್ನಿಸಬೇಕಿತ್ತು. ಬರೀ ಹೂಂ ಎಂದೆ. ಊಟ ಮಾಡುವಾಗಲೂ ನನ್ನ ಸಿಟ್ಟು ಪೂರ್ತಿ ಇಳಿದಿರಲಿಲ್ಲ. ಅವಳು ನನ್ನ ತಟ್ಟೆಗೆ ತನ್ನ ಮೊಟ್ಟೆ ಇಟ್ಟಳು.

ಮಾರ್ಚ್ 10, ಸೋಮವಾರ

ಅಕ್ಕ ಎಲ್ಲಿಗೆ ಹೋದರೂ ಚೀಲದ ಪಟ್ಟಿ ಬಿಡುತ್ತಿಲ್ಲ. ದರ್ಜಿಗಳ ಅಂಗಡಿಗೆ ಕರೆದುಕೊಂಡು ಹೋದೆ. ಅರವತ್ತಮೂರು ಬಾಗಿಲು ನಿಜವೇ ಎಂದು ಇಬ್ಬರನ್ನೂ ಬೇರೆ ಬೇರೆಯಾಗಿ ವಿಚಾರಿಸಿದಳು. ಗಡ್ಡದವನು ಅರವತ್ತೈದು ಎಂದ. ಅಕ್ಕನ ಮುಖ ನೋಡಬೇಕಿತ್ತು.

ದಾರಿಯಲ್ಲಿ, ಬೇರೇನೋ ಮಾತಿನ ನಡುವೆ ತುರುಕಿದ ಹಾಗೆ, ನಿನ್ನ ಅಂಗಡಿಯ ಮೇಲಿನ ಕೋಣೆಯಲ್ಲಿ ಈಗಲೂ ದಾರದ ಪೆಟ್ಟಿಗೆಗಳೇ ಇವೆಯಾ ಎಂದು ಕೇಳಿದಳು. ಇವೆ, ಕಾಲಿಡಲು ಜಾಗವಿಲ್ಲ ಎಂದೆ. ಕೆಳಗೆ ಇಳಿಸಬಹುದಲ್ಲ ಎಂದಳು. ನೋಡೋಣ ಎಂದೆ. ಅಷ್ಟು ಸುಲಭಕ್ಕೆ ಒಪ್ಪಿಬಿಡಲು ನನಗೇನು ಹುಚ್ಚೇ? ಆರು ದಿನ ನಾನು ಪಟ್ಟ ಪಾಡಿನಲ್ಲಿ ಕಾಲು ಭಾಗವಾದರೂ ಅವಳು ಪಡಬೇಕು. ನನ್ನ ಜೊತೆ ಇರಲಿ, ಆದರೆ ಚೀಲದ ಪಟ್ಟಿ ಹಿಡಿದುಕೊಂಡು ಇರುವುದು ಬೇಡ.

ನಾಲ್ಕು ಗಂಟೆಗೆ, ನನಗೆ ಕಾಲುನೋವು, ನೀನೇ ಹೋಗಿ ಬ್ರೆಡ್ಡು ತಾ ಎಂದೆ. ಕೆಳಗಿಳಿದು ಬಲಕ್ಕೆ, ಮೂರನೇ ಅಂಗಡಿ. ಒಬ್ಬಳೇನಾ ಎಂದಳು. ಒಬ್ಬಳೇ ಎಂದೆ. ಅರ್ಧ ಮೆಟ್ಟಿಲು ಇಳಿದು ಒಮ್ಮೆ ವಾಪಸು ಬಂದು ಚೀಲ ಬದಲಿಸಿಕೊಂಡು ಹೋದಳು.

ಕಿಟಕಿಯಲ್ಲಿ ನಿಂತೆ. ಬಾಗಿಲಿನಿಂದ ಹೊರಬಿದ್ದವಳು ಒಂದು ಕ್ಷಣ ನಿಂತು ಸೆಟೆದುಕೊಂಡು ಎಡಕ್ಕೆ ನಡೆದಳು. ನನ್ನ ಬಾಯಿಯವರೆಗೂ ‘ಅಕ್ಕ’ ಬಂತು. ಹಲ್ಲು ಕಚ್ಚಿ ತಡೆದೆ.

ಹತ್ತು ನಿಮಿಷ. ಇಪ್ಪತ್ತು. ಅವಳಿಗೆ ಮೊಣಕಾಲು ಸರಿಯಿಲ್ಲ, ಆ ಕಡೆ ಇಳಿಜಾರು ಬೇರೆ. ನಾನೆಂಥ ಕಟುಕಿ ಎಂದುಕೊಂಡೆ. ಮೂವತ್ತೈದು ನಿಮಿಷಕ್ಕೆ ಚಪ್ಪಲಿ ಮೆಟ್ಟಿಕೊಂಡು ಬಾಗಿಲಲ್ಲಿ ನಿಂತೆ, ಮತ್ತೆ ಬಿಚ್ಚಿದೆ. ಐವತ್ತು ನಿಮಿಷಕ್ಕೆ ಮೆಟ್ಟಿಲ ಮೇಲೆ ಹೆಜ್ಜೆ ಸದ್ದಾಯಿತು. ಮುಖವೆಲ್ಲ ಬೆವರು, ಕೂದಲು ಕೆದರಿದೆ, ಕಂಕುಳಲ್ಲಿ ಯಾವುದೋ ಬೇರೆ ಅಂಗಡಿಯ ಬ್ರೆಡ್ಡು. ಅಷ್ಟು ಗತ್ತಿನ ಅಕ್ಕನನ್ನು ನಾನು ನೋಡಿ ಎಷ್ಟೋ ವರ್ಷವಾಗಿತ್ತು.

“ಆ ಕಡೆ ಒಂದು ಓಣಿ ಇದೆ. ಕೊನೇಲಿ ಒಂದು ಮರ, ಮರದ ಕೆಳಗೆ ಕಲ್ಲು ಬೆಂಚು, ಅಲ್ಲಿ ಕೂತ್ರೆ ಇಡೀ ನದಿ ಕಾಣುತ್ತೆ. ನೀನು ನೋಡಿರಲ್ಲ ಬಿಡು,” ಎಂದಳು.

ಆ ಬೆಂಚಿನ ಮೇಲೆ ನಾನು ಗುರುವಾರ ಕೂತು ಅತ್ತಿದ್ದೆ, ಇಲ್ಲಿ ಬರೆದಿರಲಿಲ್ಲ ಅಷ್ಟೆ. ಶನಿವಾರ ಕೂತು ಕಡಲೆಬೀಜ ತಿಂದಿದ್ದೆ.

“ಇಲ್ಲ ಅಕ್ಕ, ನೋಡಿಲ್ಲ. ತೋರಿಸ್ತೀಯಾ?” ಎಂದೆ.

ಬ್ರೆಡ್ಡನ್ನು ಮಂಚದ ಮೇಲೆ ಎಸೆದು, ಚಪ್ಪಲಿಯನ್ನೂ ಬಿಚ್ಚದೆ ಹಾಗೇ ತಿರುಗಿ ಮೆಟ್ಟಿಲಿಳಿದಳು. ಬೇಗ ಬಾ, ಬೆಳಕು ಹೋದರೆ ಏನೂ ಕಾಣುವುದಿಲ್ಲ ಎಂದು ಕೆಳಗಿನಿಂದ ಗದರಿದಳು. ಕೋಣೆಗೆ ಬೀಗ ಹಾಕಿ, ಅವಳ ಹಿಂದೆ ಹೊರಟೆ. ಓಣಿಯುದ್ದಕ್ಕೂ ಅವಳು ಏನೇನೋ ತೋರಿಸುತ್ತ ಮಾತಾಡುತ್ತಲೇ ಇದ್ದಳು. ನಾನು ಹೂಂ ಹೂಂ ಎನ್ನುತ್ತ, ದಾರದ ಪೆಟ್ಟಿಗೆಗಳನ್ನೆಲ್ಲ ಇಳಿಸಿ ಎಲ್ಲಿಡುವುದೆಂದು ಯೋಚಿಸುತ್ತಿದ್ದೆ.